ಎರಡು ಮನೆಗೆ ಒಂದೇ ಗೋಡೆ

ಶಿವಮೊಗ್ಗದ ಕೋಟೆ ಭಾಗದಲ್ಲಿ, ತುಂಗೆಗೆ ಸಮೀಪದ ಓಣಿಯೊಂದರಲ್ಲಿ, ಅಜ್ಜನ ಕಾಲದ ನಮ್ಮ ಹೆಂಚಿನ ಮನೆಯಿದೆ. ಇಲ್ಲಿನ ಮನೆಗಳು ಒಂದಕ್ಕೊಂದು ಆತುಕೊಂಡೇ ನಿಂತಿವೆ. ನಮಗೂ ಪಕ್ಕದವರಿಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ಆಸ್ತಿ ಪಾಲಾಗಿ ಪಕ್ಕದವರು ತಮ್ಮ ಮನೆ ಕೆಡವಿದ ವರ್ಷ, ಹುಟ್ಟಿದಂದಿನಿಂದ ಮಳೆಯನ್ನೇ ಕಾಣದಿದ್ದ ಆ ಗೋಡೆ ಸೂರಿಲ್ಲದೆ ಬಯಲಿಗೆ ತೆರೆದುಕೊಂಡಿತು. ಹತ್ತಿರದ ಶಿವಪ್ಪನಾಯಕನ ಅರಮನೆ ಸರ್ಕಾರದ ವಸ್ತುಸಂಗ್ರಹಾಲಯವಾಗಿ ಉಳಿದಿದೆ. ಆದರೆ 1961ರ ರಾಜ್ಯ ಕಾಯ್ದೆ ಕಾಯುವುದು ಸಂರಕ್ಷಿತವೆಂದು ಘೋಷಿಸಿದ ಸ್ಮಾರಕಗಳನ್ನು, ನಮ್ಮಂಥವರ ಜಗುಲಿಯನ್ನಲ್ಲ.

ಆ ಮಳೆಗಾಲಕ್ಕೆ ತೋಟದ ಮನೆಗಳಲ್ಲಿ ಮಾಡುವಂತೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ ಗೋಡೆಯನ್ನು ಉಳಿಸಿಕೊಂಡೆವು. ಒಳಗಡೆ ಮಾತ್ರ ನನ್ನದೇ ಹಳೆಯ ತಪ್ಪು ಕಾದಿತ್ತು. ಕೆಲವು ವರ್ಷಗಳ ಹಿಂದೆ ಗಟ್ಟಿಯಾಗಲೆಂದು ಅದೇ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದ್ದೆ. ನೆಲದಿಂದ ಏರುವ ತೇವ ಆವಿಯಾಗಿ ಹೊರಹೋಗಲು ಸಿಮೆಂಟ್ ಬಿಡುವುದಿಲ್ಲ. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಉಳಿಯಿಟ್ಟು ಎಬ್ಬಿಸಿದಾಗ ತಟ್ಟೆಯಗಲದ ಚೂರು ಕಳಚಿ, ಅದರ ಬೆನ್ನಿಗೆ ಅಂಟಿಕೊಂಡು ಒಂದಂಗುಲ ಹಸಿ ಮಣ್ಣೂ ಬಂತು.

ಮಳೆ ನಿಂತ ಮೇಲೆ ಸಿಮೆಂಟನ್ನೆಲ್ಲ ಕಿತ್ತು, ಗೋಡೆಯನ್ನು ಒಂದೂವರೆ ತಿಂಗಳು ಒಣಗಲು ಬಿಟ್ಟೆವು. ಅಷ್ಟರಲ್ಲಿ ಹಿತ್ತಿಲಿನ ಗುಂಡಿಯಲ್ಲಿ ಸುಣ್ಣ ಅರಳಿಸಿ, ಮೇಲೆ ನೀರು ನಿಲ್ಲಿಸಿ ಹದಕ್ಕೆ ಬಿಟ್ಟಿದ್ದೆವು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಸೇರಿಸಿ ಎರಡು ಪದರ ಬಳಿದು, ಬಿಸಿಲು ನೇರವಾಗಿ ತಾಗದಂತೆ ಒದ್ದೆ ಗೋಣಿಚೀಲ ಇಳಿಬಿಟ್ಟೆವು. ಈ ಕೆಲಸ ಬಲ್ಲ ಮೇಸ್ತ್ರಿ ಸಿಕ್ಕಿದ್ದು ತೀರ್ಥಹಳ್ಳಿ ಕಡೆಯಲ್ಲಿ. ಹಣಕ್ಕಿಂತ ಅವರನ್ನು ಹುಡುಕುವುದೇ ಕಷ್ಟವಾಯಿತು.

ಪಕ್ಕದವರೊಡನೆ ಜಗಳವಾಡದೆ ಎರಡೇ ಮಾತು ಕೇಳಿದೆ: ಕಟ್ಟಲಿರುವ ಹೊಸ ಮನೆಯ ಪಾಯವನ್ನು ಒಂದೇ ಸಲ ಉದ್ದಕ್ಕೂ ಅಗೆಯದೆ, ಮೂರ್ನಾಲ್ಕು ಅಡಿಯಂತೆ ಅಗೆದು ತುಂಬುತ್ತಾ ಹೋಗಬೇಕು, ಹೊಸ ಗೋಡೆಗೂ ನಮ್ಮದಕ್ಕೂ ನಡುವಿನ ಸಂದಿಗೆ ನೀರಿಳಿಯದಂತೆ ಮೇಲೆ ತಗಡು ಮುಚ್ಚಬೇಕು. ಅವರು ಒಪ್ಪಿದರು. ಮೊದಲೇ ಕೇಳಿದ್ದರೆ ಕೆಡವುವಾಗಲೇ ಸೂರಿನ ನಾಲ್ಕು ಸಾಲು ಹೆಂಚನ್ನಾದರೂ ಉಳಿಸುತ್ತಿದ್ದರೇನೋ.

ಗುಂಡಿಯಲ್ಲಿ ಮಿಕ್ಕ ಸುಣ್ಣ ನೀರಿನಡಿಯಲ್ಲಿ ಕೆಡದೆ ಇದೆ. ಓಣಿಯ ತುದಿಮನೆಯವರು ಅದನ್ನು ಕೇಳಿದ್ದಾರೆ. ದೀಪಾವಳಿ ಕಳೆದ ಮೇಲೆ ಅವರ ಜಗುಲಿಗೋಡೆಯ ಸಿಮೆಂಟ್ ಕೀಳುವುದೆಂದು ಮಾತಾಗಿದೆ.