ಕ್ರಿಪ್ಟೋ ಕಳಿಸಿದ್ರೂ ಹೋಗ್ತಿಲ್ವಾ? ಮತ್ತೆ ಸೆಂಡ್ ಒತ್ತೋ ಮುಂಚೆ ಇದನ್ನ ನೋಡಿ

ಪುಣೆಯ ಹಿಂಜವಡಿ, ವಾಕಡ್ ಕಡೆ ಪಿಜಿಲಿ ಇರೋ ನಮ್ಮ ಕನ್ನಡದ ಹುಡುಗರ ವಾಟ್ಸಾಪ್ ಗ್ರೂಪಲ್ಲಿ ಆಗಾಗ ಒಬ್ಬ ಬಂದು, "ಅಣ್ಣಾ, ರೊಕ್ಕ ಇಲ್ಲಿ ಕಟ್ ಆಗೇತಿ, ಅಲ್ಲಿ ಬಂದಿಲ್ಲ" ಅಂತಾನೆ. ಅಷ್ಟೊತ್ತಿಗೆ ಗಾಬರೀಲಿ ಇನ್ನೆರಡು ಸಲ ಸೆಂಡ್ ಒತ್ತಿರ್ತಾನೆ. ಅದೇ ಬೇಡ ಅನ್ನೋದು.

ಮೊದಲು ವಾಲೆಟ್‌ನ ಆಕ್ಟಿವಿಟಿಗೆ ಹೋಗಿ ಟ್ರಾನ್ಸಾಕ್ಷನ್ ಹ್ಯಾಶ್ (ಆ ವ್ಯವಹಾರದ ಗುರುತಿನ ನಂಬರ್) ಕಾಪಿ ಮಾಡಿ, ಈಥೀರಿಯಂ ಆದ್ರೆ ಈಥರ್‌ಸ್ಕ್ಯಾನ್, ಟ್ರಾನ್ ಆದ್ರೆ ಟ್ರಾನ್‌ಸ್ಕ್ಯಾನ್ ವೆಬ್‌ಸೈಟ್, ಅಲ್ಲಿ ಹಾಕಿ ನೋಡಿ. ವಾಲೆಟ್ ಏನಾದ್ರೂ ತೋರಿಸ್ಲಿ, ನಂಬಬೇಕಾದ್ದು ಇದನ್ನ.

ಪೆಂಡಿಂಗ್ ಅಂತಿದ್ರೆ ಹೆಚ್ಚಾಗಿ ನೀವು ಕೊಟ್ಟ ಗ್ಯಾಸ್ ಫೀ, ಅಂದ್ರೆ ನೆಟ್‌ವರ್ಕ್‌ಗೆ ಕಟ್ಟೋ ಶುಲ್ಕ, ಸಾಲ್ತಿಲ್ಲ ಅಂತ. ಈಥೀರಿಯಂನಲ್ಲಿ ನಿಮ್ಮ ಪ್ರತಿ ಟ್ರಾನ್ಸಾಕ್ಷನ್‌ಗೂ ನಾನ್ಸ್ ಅಂತ ಒಂದು ಸೀರಿಯಲ್ ನಂಬರ್ ಇರತ್ತೆ, 41 ಹೋಗದೆ 42 ಹೋಗಲ್ಲ, ಹಂಗಾಗಿ ನೀವು ಮತ್ತೆ ಮತ್ತೆ ಕಳಿಸಿದ್ದೆಲ್ಲ ಅದರ ಹಿಂದೆ ನಿಂತಿರತ್ತೆ, ಮುಂದಿಂದು ಕ್ಲಿಯರ್ ಆಯ್ತೋ, ಬ್ಯಾಲೆನ್ಸ್ ಇದ್ರೆ ಮೂರೂ ಹೋಗ್ಬಿಡತ್ತೆ! ಮೆಟಾಮಾಸ್ಕ್ ವಾಲೆಟ್‌ನಲ್ಲಿ ಸ್ಪೀಡ್ ಅಪ್ ಒತ್ತಿದ್ರೆ ಅದೇ ನಾನ್ಸ್‌ಗೆ ಜಾಸ್ತಿ ಫೀ ಹಾಕಿ ಕಳಿಸತ್ತೆ, ಸಾಮಾನ್ಯವಾಗಿ ಕನಿಷ್ಠ ಶೇ 10 ಏರಿಸ್ಬೇಕು. ಕ್ಯಾನ್ಸಲ್ ಒತ್ತಿದ್ರೆ ಅದೇ ನಾನ್ಸ್‌ನಲ್ಲಿ ನಿಮಗೆ ನೀವೇ ಸೊನ್ನೆ ಈಥರ್ (ಈಥೀರಿಯಂನ ನಾಣ್ಯ) ಕಳಿಸಿಕೊಂಡಂಗೆ, ಅದಕ್ಕೂ ಫೀ ಬೀಳತ್ತೆ, ಪುಕ್ಕಟೆ ಏನಿಲ್ಲ.

ಫೇಲ್ಡ್ ಅಂತ ಕೆಂಪಗೆ ಬಂದಿದ್ರೆ ಅಸಲು ನಿಮ್ಮ ಹತ್ರಾನೇ ಇದೆ, ಫೀ ಮಾತ್ರ ಹೋಯ್ತು. ಔಟ್ ಆಫ್ ಗ್ಯಾಸ್ ಅಂತ ಬರೆದಿದ್ರೆ ಗ್ಯಾಸ್ ಲಿಮಿಟ್ (ಹೆಚ್ಚೆಂದ್ರೆ ಎಷ್ಟು ಗ್ಯಾಸ್ ಬಳಸಬಹುದು ಅನ್ನೋ ಮಿತಿ) ಕಮ್ಮಿ ಇಟ್ಟಿದ್ದೀರಿ. ಬರೀ ಈಥರ್ ಕಳಿಸೋಕೆ 21,000 ಸಾಕು, ಟೋಕನ್‌ಗೆ ಅದಕ್ಕಿಂತ ಜಾಸ್ತಿ ಬೇಕು, ವಾಲೆಟ್ ಹೇಳಿದ ಲಿಮಿಟ್ ಇಳಿಸೋ ಜಾಣತನ ಬೇಡ. ಇನ್ನೊಂದು, ಈಥೀರಿಯಂನಲ್ಲಿ ಯುಎಸ್‌ಡಿಟಿ (ಡಾಲರ್ ಬೆಲೆಯ ಟೋಕನ್) ಎಷ್ಟಿದ್ರೂ ಫೀ ಕಟ್ಟೋಕೆ ಈಥರೇ ಬೇಕು.

ಸಕ್ಸೆಸ್ ಅಂತ ಇದ್ದೂ ಆ ಕಡೆ ಕಾಣ್ತಿಲ್ಲ ಅಂದ್ರೆ ನೆಟ್‌ವರ್ಕ್ ನೋಡಿ. ಈಥೀರಿಯಂ, ಪಾಲಿಗಾನ್, ಬಿಎನ್‌ಬಿ ಚೈನ್ ಮೂರರಲ್ಲೂ ಅಡ್ರೆಸ್ ಒಂದೇ ಥರ, ಅವರು ವಾಲೆಟ್‌ನಲ್ಲಿ ಆ ನೆಟ್‌ವರ್ಕ್ ಸೇರಿಸಿದ್ರೆ ದುಡ್ಡು ಕಾಣತ್ತೆ. ಎಕ್ಸ್‌ಚೇಂಜ್ ಅಡ್ರೆಸ್‌ಗೆ ತಪ್ಪು ನೆಟ್‌ವರ್ಕಲ್ಲಿ ಹೋಗಿದ್ರೆ ಹ್ಯಾಶ್ ಕೊಟ್ಟು ಅವರಿಗೇ ಟಿಕೆಟ್ ಹಾಕಿ, ವಾಪಸ್ ಸಿಗೋದು ಅವರ ಕೈಲಿದೆ.

ಇದರ ಮಧ್ಯೆ ಟೆಲಿಗ್ರಾಂನಲ್ಲಿ "ಸಪೋರ್ಟ್" ಅಂತ ಬಂದು 12 ಪದದ ಸೀಡ್ ಫ್ರೇಸ್ (ಇಡೀ ವಾಲೆಟ್‌ನ ಕೀಲಿ) ಕೇಳೋರಿಗೆ ಉತ್ತರಾನೂ ಕೊಡ್ಬೇಡಿ. ಆಗ್ಲೇ ಕೊಟ್ಟಿದ್ರೆ, ಉಳಿದಿದ್ದನ್ನ ತಕ್ಷಣ ಹೊಸ ವಾಲೆಟ್‌ಗೆ ಸಾಗಿಸಿ, ಸೈಬರ್ ಕ್ರೈಂ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.