“ಸರ್, ಇದು ನಿಮಗೆ ಮೊದ್ಲೇ ಗೊತ್ತಿತ್ತಾ?”

ಆಯ್ಕೆ ಓಟ ಮುಗಿದು ಅರ್ಧ ಗಂಟೆಯಾಗಿತ್ತು. ಕಂಠೀರವ ಕ್ರೀಡಾಂಗಣದ ಮೆಟ್ಟಿಲ ಮೇಲೆ ಕೂತು ಆ ಹುಡುಗಿ ಸ್ಪೈಕ್ಸ್ ಬಿಚ್ಚುತ್ತಿದ್ದಳು. 800 ಮೀಟರಿಗೆ 2 ನಿಮಿಷ 25 ಸೆಕೆಂಡು. ಮೊದಲ ಸುತ್ತು 66, ಎರಡನೆಯದು 79. “ಶುರುವಿನಲ್ಲೇ ಜೋರಾಗಿ ಹೋಗಿಬಿಡ್ತೀಯ ಕಣಮ್ಮ, ಅದಕ್ಕೇ ಕೊನೇಲಿ ಕಾಲು ಏಳಲ್ಲ” ಅಂದೆ. ಅವಳು ಲೇಸ್ ಕೈಯಲ್ಲಿ ಹಿಡಿದೇ ತಲೆಯೆತ್ತಿ ಕೇಳಿದಳು: “ಸರ್, ಇದು ನಿಮಗೆ ಮೊದ್ಲೇ ಗೊತ್ತಿತ್ತಾ?”

ಗೊತ್ತಿತ್ತು. ಆರು ತಿಂಗಳಿಂದ ಸ್ಟಾಪ್‌ವಾಚ್ ಅದನ್ನೇ ತೋರಿಸುತ್ತಿತ್ತು. ಮಾಗಡಿ ರಸ್ತೆಯ ಕಡೆಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬರುವವಳು, ಬೈದರೆ ಎಲ್ಲಿ ಮನಸ್ಸು ಮುರಿಯುತ್ತದೋ ಎಂದು ದಿನವೂ “ಚೆನ್ನಾಗಿ ಓಡಿದೆ” ಎಂದು ಕಳಿಸುತ್ತಿದ್ದೆ. ಅದನ್ನು ಪ್ರೀತಿ ಅಂದುಕೊಂಡಿದ್ದೆ. ಅವಳ ಆರು ತಿಂಗಳು ನನ್ನ ಸಂಕೋಚಕ್ಕೆ ಹೋಯಿತು.

ನನ್ನ ಬಾಯಿ ಕಟ್ಟಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅದಕ್ಕೂ ಎರಡು ವರ್ಷ ಮೊದಲು ಒಬ್ಬ ಹುಡುಗನಿಗೆ ಎಲ್ಲರ ಎದುರು “ನಿನಗೆ ಛಲವೇ ಇಲ್ಲ” ಅಂದಿದ್ದೆ. ಮಾರನೆಯ ದಿನದಿಂದ ಅವನು ಬರಲಿಲ್ಲ. ನಾನು ಫೋನನ್ನೂ ಮಾಡಲಿಲ್ಲ. ಈಗಲೂ ಅದು ಚುಚ್ಚುತ್ತದೆ.

ಕೆಲಸ ಹೇಗಿತ್ತು ಎಂದು ಮಾಡಿದವರಿಗೇ ಹೇಳಿದರೆ ಏನಾಗುತ್ತದೆ ಎಂಬ ಬಗ್ಗೆ ನಡೆದ ಹಳೆಯ ಅಧ್ಯಯನಗಳ 607 ಫಲಿತಾಂಶಗಳನ್ನು 1996ರಲ್ಲಿ ಕ್ಲೂಗರ್ ಮತ್ತು ಡಿನೀಸಿ ಎಂಬ ಇಬ್ಬರು ಸಂಶೋಧಕರು ಒಟ್ಟಿಗೆ ಇಟ್ಟು ನೋಡಿದ್ದರು. ಒಟ್ಟಾರೆ ಲಾಭವೇ ಕಂಡರೂ, ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕಡೆ ಹೇಳಿದ ಮೇಲೆ ಕೆಲಸ ಇನ್ನಷ್ಟು ಹದಗೆಟ್ಟಿತ್ತು. ಮಾತು ಕೆಲಸ ಬಿಟ್ಟು ವ್ಯಕ್ತಿಯ ಕಡೆ ಹೊರಳಿದಷ್ಟೂ ಅದರ ಪ್ರಯೋಜನ ಕಡಿಮೆ ಎನ್ನುವುದು ಅವರ ವಿವರಣೆ. ಓದಿದಾಗ ಆ ಹುಡುಗನೇ ಕಣ್ಣೆದುರು ಬಂದ. “ಛಲವಿಲ್ಲ” ಅಂದರೆ ನಾಳೆ ಬೆಳಗ್ಗೆ ಅವನು ಏನು ತಿದ್ದಿಕೊಳ್ಳಬೇಕು?

ಹುಡುಗಿಯ ಬಳಿ ಮೊದಲು ತಪ್ಪೊಪ್ಪಿಕೊಂಡೆ. “ಗೊತ್ತಿತ್ತಮ್ಮ. ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನಂದು.” ಅವಳು ಏನೂ ಅನ್ನಲಿಲ್ಲ, ಬ್ಯಾಗು ಏರಿಸಿ ಹೊರಟಳು.

ಎರಡು ದಿನ ಬಿಟ್ಟು ಬಂದಳು. ಉಳಿದ ಮಕ್ಕಳು ವಾರ್ಮ್ ಅಪ್ ಮಾಡುತ್ತಿದ್ದಾಗ ಅವಳನ್ನು ಪಕ್ಕಕ್ಕೆ ಕರೆದು ಒಂದು ಚೀಟಿ ಕೊಟ್ಟೆ. ಅದರಲ್ಲಿ ನಾಲ್ಕೇ ಅಂಕಿ: 33, 33, 39, 40. ಒಂದೊಂದು 200 ಮೀಟರಿಗೆ ಅವಳು ತೆಗೆದುಕೊಂಡ ಸೆಕೆಂಡು. ಕೆಳಗೆ ಕೆನ್ಯಾದ ಓಟಗಾರ ಡೇವಿಡ್ ರುಡಿಶಾ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಇದೇ 800 ಮೀಟರಿನ ವಿಶ್ವದಾಖಲೆ ಬರೆದ ಓಟ: ಮೊದಲ ಸುತ್ತು 49.28, ಎರಡನೆಯದು 51.63. “ನಿನಗೇನು ಕಾಣಿಸ್ತಿದೆ?” ಅಂದೆ. ತುಂಬಾ ಹೊತ್ತು ನೋಡಿದಳು. “ಅವರದ್ದು ಎರಡೂವರೆ ಸೆಕೆಂಡೂ ಇಳಿದಿಲ್ಲ ಸರ್. ನಂದು ಹದಿಮೂರು.” ನಾನು ಆರು ತಿಂಗಳು ನುಂಗಿಕೊಂಡಿದ್ದನ್ನು ಅವಳೇ ಹೇಳಿಬಿಟ್ಟಳು. ತೋಳು ಬಿಗಿಯಾಗುವುದು, ತಿರುವಿನಲ್ಲಿ ಹೊರಗೆ ಜಾರುವುದು, ಹೇಳಬೇಕಾದ್ದು ಇನ್ನೂ ಇತ್ತು. ಹೇಳಲಿಲ್ಲ. ಮೊದಲ ಸುತ್ತು 68, ಅಷ್ಟೇ ಆ ತಿಂಗಳ ಪಾಠ.

ಹೇಳಿ ಕೈತೊಳೆದುಕೊಂಡರೆ ಅದು ಬರೀ ತೀರ್ಪಾಗುತ್ತದೆ. ಹಾಗಾಗಿ ಪ್ರತಿ ಮಂಗಳವಾರ ಟ್ರ್ಯಾಕಿನ ಆಚೆ ಬದಿಗೆ ಹೋಗಿ ನಿಂತೆ. ಅವಳು 200 ದಾಟುವಾಗ 34 ಸೆಕೆಂಡಿಗೆ ಮೊದಲೇ ಬಂದರೆ “ಬೇಗ ಆಯ್ತು!”, ಸರಿಯಾಗಿ ಬಂದರೆ “ಹಾಂ, ಇದೇ!” ಎಂದು ಕೂಗುವುದು. ಹೊಗಳಿಕೆಯನ್ನೂ ಅಳೆದೇ ಹೇಳತೊಡಗಿದೆ. “ಚೆನ್ನಾಗಿತ್ತು” ಅಂದರೆ ಯಾವುದು ಚೆನ್ನಾಗಿತ್ತು ಎಂದು ಅವಳಿಗೆ ತಿಳಿಯಬೇಕಲ್ಲ. ಮೂರನೇ ವಾರ ಅವಳೇ ಬಂದು, “ಸರ್, ಅಲ್ಲಿ ಕೂಗಿದ್ರೆ ನನಗೆ ಕೇಳಿಸಲ್ಲ, ತಿರುವು ಮುಗಿಯೋ ಕಡೆ ನಿಲ್ಲಿ” ಅಂದಳು. ಅಲ್ಲಿಗೆ ಹೋಗಿ ನಿಂತೆ.

ಹೋದ ತಿಂಗಳು ಅಭ್ಯಾಸದ ಓಟದಲ್ಲಿ 34, 34, 38, 36 ಬಂತು. 2 ನಿಮಿಷ 22. ಚೀಟಿಯನ್ನು ಈಗ ಅವಳೇ ಬರೆಯುತ್ತಾಳೆ. ಮೂರನೇ ಅಂಕಿಗೆ ಪೆನ್ನಿನಲ್ಲಿ ಸುತ್ತು ಹಾಕಿ ತಂದಿದ್ದಳು. ಮಂಗಳವಾರ ಅದನ್ನು ಹಿಡಿಯಬೇಕು.