ಬೇವಿನ ಕಷಾಯ ಹೊಡೆದ ಮೇಲೆ ಸತ್ತ ಹುಳ ಎಣಿಸಬೇಡಿ

ಹುಣಸೂರು ಕಡೆಯ ನಮ್ಮ ಆಲೂಗಡ್ಡೆಗೆ ಬೀಳುವುದು ಎಪಿಲಾಕ್ನಾ ದುಂಬಿ. ಬದನೆಯನ್ನೂ ಇದು ಬಿಡುವುದಿಲ್ಲ. ಗಿಡಹೇನು ತಿನ್ನುವ ಗುಲಗಂಜಿ ಹುಳದ ಬೆನ್ನು ಮಿರಮಿರ ಹೊಳೆಯುತ್ತದೆ, ಇದರದು ಮಂಕು, 28 ಕಪ್ಪು ಚುಕ್ಕೆ. ಎಲೆ ಮಗುಚಿದರೆ ಮೈತುಂಬ ಮುಳ್ಳಿರುವ ಹಳದಿ ಮರಿಹುಳ ಹಸಿರು ಕೆರೆಯುತ್ತಿರುತ್ತದೆ. ಕೆರೆದ ಜಾಗ ಏಣಿ ಮೆಟ್ಟಿಲಿನಂತೆ ಗೀರುಗೀರಾಗಿ ಒಣಗುತ್ತದೆ.

15 ಲೀಟರ್ ಕ್ಯಾನಿಗೆ 750 ಗ್ರಾಂ ಬೇವಿನ ಬೀಜದ ತಿರುಳು, ಅಂದರೆ ಶೇ. 5ರ ಕಷಾಯ. ಬೀಜ ನೆರಳಲ್ಲಿ ಒಣಗಿಸಿದ್ದು, 3ರಿಂದ 8 ತಿಂಗಳು ಹಳೆಯದಿರಬೇಕು. ಬೂಷ್ಟು ಹಿಡಿದದ್ದು ಬೇಡವೇ ಬೇಡ. ತಿರುಳನ್ನು ಎಣ್ಣೆ ಬಿಡದಂತೆ ತರಿತರಿ ಕುಟ್ಟಿ, ಬಟ್ಟೆಗಂಟು ಕಟ್ಟಿ ರಾತ್ರಿಯಿಡೀ ನೆನೆಸುತ್ತೇನೆ. ಮರುದಿನ ರಸ ಹಾಲಿನ ಬಣ್ಣಕ್ಕೆ ಬರುವ ತನಕ ಹಿಂಡಿ, ಸೋಸಿ, 30 ಗ್ರಾಂ ಸೋಪು ಕರಗಿಸುತ್ತೇನೆ. ಗಡಸು ಬೋರ್ ನೀರಿನಲ್ಲಿ ಸೋಪು ಒಡೆದು ನಾಜಲ್ ಕಟ್ಟುತ್ತದೆ, ಮಳೆನೀರು ಒಳ್ಳೆಯದು.

ಕಷಾಯ ಕೆಲಸ ಮಾಡುತ್ತದೆಯೇ ಎಂಬ ಮೊದಲ ಪರೀಕ್ಷೆ ಡಬ್ಬಿಯಲ್ಲಿ. ಮುಚ್ಚಳಕ್ಕೆ ತೂತು ಕೊರೆದ ಮೂರು ಡಬ್ಬಿ: ಬರೀ ನೀರು, ಸೋಪುನೀರು, ಕಷಾಯ. ಎಲೆ ಅದ್ದಿ, ನೆರಳಲ್ಲಿ ಆರಿಸಿ, ತೊಟ್ಟಿಗೆ ಒದ್ದೆ ಹತ್ತಿ ಸುತ್ತಿ, ಒಂದೇ ಗಾತ್ರದ 10 ಮರಿಹುಳ ಬಿಡಬೇಕು. ಸೋಪುನೀರಿನ ಡಬ್ಬಿಯನ್ನು ಬಹಳ ಜನ ಇಡುವುದಿಲ್ಲ. ಅದಿಲ್ಲದಿದ್ದರೆ ಸೋಪು ಮಾಡಿದ ಕೆಲಸವೂ ಬೇವಿನ ಲೆಕ್ಕಕ್ಕೇ ಹೋಗುತ್ತದೆ.

ಮರುದಿನ ನೋಡಿದರೆ ಕಷಾಯದ ಡಬ್ಬಿಯಲ್ಲೂ ಹುಳ ಹರಿದಾಡುತ್ತಿರುತ್ತವೆ. ಇಲ್ಲೇ ರೈತರು ಕೈಚೆಲ್ಲಿ ವಿಷದ ಅಂಗಡಿಗೆ ಹೋಗುವುದು. ಹುಳ ಬಿಟ್ಟು ಎಲೆ ನೋಡಿ, ಗ್ರಾಫ್ ಹಾಳೆಯ ಮೇಲಿಟ್ಟು ತಿಂದ ಚೌಕ ಎಣಿಸಿ. ಬೇವು ಮೊದಲು ಬಾಯಿ ಕಟ್ಟುತ್ತದೆ, ಆಮೇಲೆ ಪೊರೆ ಕಳಚುವುದನ್ನು ತಡೆಯುತ್ತದೆ. ಮೂರನೇ ದಿನದಿಂದ ಏಳನೇ ದಿನದೊಳಗೆ ಅರ್ಧ ಕಳಚಿದ ಪೊರೆಯಲ್ಲೇ ಸಿಕ್ಕಿಕೊಂಡ ಮರಿಗಳು ಕಾಣುತ್ತವೆ. ಬಲಿತ ದುಂಬಿಯ ಮೇಲೂ ಇಷ್ಟೇ ಕೆಲಸ ಮಾಡುತ್ತದೆಂದು ಭರವಸೆ ಇಡಬೇಡಿ.

ಹೊಲದಲ್ಲಿ ಇದೇ ಮೂರನ್ನೂ ಮೂರು ಮೂರು ಕಡೆ ಚದುರಿಸಿ, ನಡುವೆ ಎರಡು ಸಾಲು ಬಿಟ್ಟು ಹೊಡೆಯುತ್ತೇನೆ. ಪ್ರತಿ ತುಂಡಿನಲ್ಲಿ 5 ಗಿಡಕ್ಕೆ ದಾರ ಕಟ್ಟಿ, ಹಿಂದಿನ ದಿನ, 3ನೇ ದಿನ, 7ನೇ ದಿನ ಬದುಕಿರುವ ಮರಿಹುಳದ ಎಣಿಕೆ. ಬಿಸಿಲಿಗೆ ಬೇವಿನ ಸತ್ವ ಒಡೆಯುವುದರಿಂದ ಸಂಜೆಯೇ ಸಿಂಪಡಣೆ, ನಾಜಲ್ ಎಲೆಯಡಿಗೆ ತಿರುಗಿರಬೇಕು. ಆ ರಾತ್ರಿ ಮಳೆ ಬಂದರೆ ಲೆಕ್ಕ ಕೈಬಿಡುತ್ತೇನೆ. ಹೊಗೆಸೊಪ್ಪಿನ ಕಷಾಯ ನಾನು ಸೇರಿಸಿಲ್ಲ. ನಿಕೋಟಿನ್ ಚರ್ಮದ ಮೂಲಕವೇ ಮೈಗೇರುವ ವಿಷ.

ಎಣಿಸುವಾಗ ಎಲೆಗಂಟಿ ಗಟ್ಟಿಯಾದ ಕಡುಕಂದು ಮರಿಹುಳ ಸಿಕ್ಕರೆ ಬೇರೆ ಕಾಲಂನಲ್ಲಿ ಬರೆಯಿರಿ. ಅದು ಪೀಡಿಯೋಬಿಯಸ್ ಎಂಬ ಪುಟ್ಟ ಕಣಜ ಹುಳದ ಕೆಲಸ, ಒಳಗೆ ಅದರ ಮರಿಗಳಿರುತ್ತವೆ. ಅಂಥ ಎಲೆ ಕೀಳಬೇಡಿ.